ದಿಗ್ವ್ರತವೂ ಮನೆಗೆ ಮರಳುವ ನಾವೆಯೂ

ಗೃಹಸ್ಥಧರ್ಮದಲ್ಲಿರುವ ಶ್ರಾವಕನಿಗೆ ವಿಹಿತವಾದ ದ್ವಾದಶ ವ್ರತಗಳಲ್ಲಿ ಐದು ಅಣುವ್ರತಗಳು, ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು ಎಂಬುದು ಓದುಗರಿಗೆ ವಿದಿತವೇ ಇದೆ. ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ದೂರಕ್ಕಿಂತ ಆಚೆ ಹೋಗುವುದಿಲ್ಲ, ಆಚೆಗಿನ ವ್ಯವಹಾರಕ್ಕೆ ಕೈ ಹಾಕುವುದಿಲ್ಲ ಎಂದು ಯಾವಜ್ಜೀವ ಪರಿಮಾಣ ಮಾಡಿಕೊಳ್ಳುವುದೇ ಅದರ ಸ್ವರೂಪ. ಈ ಮರ್ಯಾದೆಗೆ ಯಾವ ಯಾವ ಗುರುತುಗಳನ್ನು ಇಟ್ಟುಕೊಳ್ಳಬಹುದೆಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವಾಗ ಸಮಂತಭದ್ರಾಚಾರ್ಯರು ಎಲ್ಲಕ್ಕಿಂತ ಮೊದಲು ಹೆಸರಿಸಿರುವುದು ಸಮುದ್ರವನ್ನು. ನದಿ, ಅಡವಿ, ಪರ್ವತ, ಜನಪದ, ಯೋಜನಗಳು ಅದರ ನಂತರ ಬರುತ್ತವೆ.

ಇಂಗಳೇಶ್ವರದಂತಹ ಊರಿನಲ್ಲಿ ಕುಳಿತು ಇದನ್ನು ಓದುವವನಿಗೆ ಒಂದು ಸಂದೇಹ ಬರುವುದು ಸಹಜ. ಬಸವಣ್ಣನವರ ನೆನಪಿನಿಂದ ಪುನೀತವಾದ ಆ ಊರಿನಿಂದ ಪಡುವಣ ಕಡಲು ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಸುತ್ತಲೂ ಎರೆಭೂಮಿ, ಬಿಳಿಜೋಳ, ತೊಗರಿ. ವಿಜಯಪುರ ಜಿಲ್ಲೆಯವರಿಗೆ ಪರಿಚಿತವಾದ ‘ಡೋಣಿ’ ಒಂದು ನದಿಯ ಹೆಸರು. ಪರಿಚಿತವಾದ ‘ಸಾಗರ’ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ. ಇಂತಹ ಊರಿನ ಒಕ್ಕಲಿಗನೋ ಕಿರಾಣಿ ವ್ಯಾಪಾರಿಯೋ ‘ಸಮುದ್ರವನ್ನು ದಾಟುವುದಿಲ್ಲ’ ಎಂದು ವ್ರತ ಹಿಡಿದರೆ ಅದರಲ್ಲಿ ತ್ಯಾಗವೇನು ಬಂತು? ದಾಟುವ ಇಚ್ಛೆಯೂ ಇಲ್ಲ, ಅನುಕೂಲವೂ ಇಲ್ಲ. ಇಲ್ಲದುದನ್ನು ಬಿಟ್ಟೆನೆಂದು ಹೇಳಿ ಪುಣ್ಯ ಗಳಿಸಲು ಹೊರಟಂತಾಗಲಿಲ್ಲವೆ?

ಪ್ರಶ್ನೆ ಕುಚೋದ್ಯದ್ದಲ್ಲ. ಇದಕ್ಕೆ ಆಚಾರ್ಯರ ಉತ್ತರವೂ ಗಂಭೀರವಾಗಿದೆ. ತಾನು ಎಳೆದುಕೊಂಡ ಗೆರೆಯಿಂದ ಆಚೆಗೆ ಶ್ರಾವಕನು ಸೂಕ್ಷ್ಮಪಾಪಗಳಿಂದಲೂ ನಿವೃತ್ತನಾಗುವುದರಿಂದ, ಆ ಹೊರಗಿನ ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳಂತೆಯೇ ಪರಿಣಮಿಸುತ್ತವೆ. ಗೆರೆಯ ಒಳಗೆ ಅವನು ಗೃಹಸ್ಥ. ಗೆರೆಯ ಹೊರಗೆ ಯತಿಗೆ ಸಮಾನ. ಮೇಲಾಗಿ ಹೋಗುವುದೆಂದರೆ ಕಾಲಿನಿಂದ ಹೋಗುವುದು ಮಾತ್ರವಲ್ಲ. ಇಂಡಿಯ ನಿಂಬೆ, ವಿಜಯಪುರದ ದ್ರಾಕ್ಷಿ ಇಂದು ಹೊರನಾಡುಗಳ ಪೇಟೆಯನ್ನು ನೋಡುತ್ತವೆ. ಮನೆಯ ಮಗನೊಬ್ಬ ಕೊಲ್ಲಿ ದೇಶದಲ್ಲಿಯೋ ಅಮೆರಿಕದಲ್ಲಿಯೋ ಇರುವುದು ಈಗ ಅಪರೂಪದ ಸಂಗತಿಯಲ್ಲ. ಅಂಗೈಯಲ್ಲಿ ಹಿಡಿಯುವ ಫೋನಿನ ಮೂಲಕ ಹೊಸ್ತಿಲು ದಾಟದೆಯೇ ಏಳು ಕಡಲಾಚೆಯ ಲಾಭನಷ್ಟದಲ್ಲಿ ಮನಸ್ಸು ಅಲೆಯುತ್ತದೆ. ಸಮುದ್ರವನ್ನು ಕಾಣದವನಿಗೂ ಸಮುದ್ರದ ಗೆರೆ ಬೇಕಾಗಿರುವುದು ಈ ಕಾರಣದಿಂದ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತದ ಅತಿಚಾರಗಳನ್ನು ಐದೆಂದು ಎಣಿಸಲಾಗಿದೆ. ಮೇಲಿನ ಗಡಿಯನ್ನು ಮೀರುವುದು, ಕೆಳಗಿನದನ್ನು ಮೀರುವುದು, ಅಡ್ಡದಿಕ್ಕುಗಳ ಗಡಿಯನ್ನು ಮೀರುವುದು ಮೊದಲ ಮೂರು. ನಾಲ್ಕನೆಯದು ಕ್ಷೇತ್ರವೃದ್ಧಿ: ಲೋಭವಶದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಮೂಡಣದಲ್ಲಿ ಬಳಸದೆ ಉಳಿದ ದೂರವನ್ನು ಪಡುವಣಕ್ಕೆ ಸೇರಿಸಿಕೊಳ್ಳುವ ಬುದ್ಧಿವಂತಿಕೆಯೂ ಇದರಲ್ಲಿಯೇ ಬರುತ್ತದೆ. ಐದನೆಯದು ಸ್ಮೃತ್ಯಂತರಾಧಾನ, ಎಂದರೆ ಇಟ್ಟುಕೊಂಡ ಗಡಿಯನ್ನು ಮರೆಯುವುದು. ಮರೆವು ದೋಷವೆ ಎಂದು ಕೇಳುವವರಿದ್ದಾರೆ. ನೂರು ಯೋಜನವೆಂದು ನಿಶ್ಚಯಿಸಿದ್ದೆನೋ ಐವತ್ತೆಂದೋ ಎಂಬ ಸಂಶಯ ಬಂದವನು ಐವತ್ತನ್ನು ದಾಟಿದರೂ ಅತಿಚಾರವೇ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ವ್ರತದ ಮೂಲವೇ ಸ್ಮೃತಿ. ಗಡಿಯ ನೆನಪು ಹೋದವನಿಗೆ ತಾನು ಒಳಗಿದ್ದೇನೆಯೋ ಹೊರಗಿದ್ದೇನೆಯೋ ಎಂಬುದೇ ತಿಳಿಯದು.

ಈ ಮಾತಿನ ಅರ್ಥವನ್ನು ನೆಲದ ಮೇಲೆ ನಡೆಯುವವನಿಗಿಂತ ನೀರಿನ ಮೇಲೆ ಹೋಗುವವನು ಬೇಗ ಗ್ರಹಿಸುತ್ತಾನೆ. ನೆಲದಲ್ಲಿ ಬದು ಇದೆ, ಕರಿಕಲ್ಲಿದೆ, ಬೇವಿನ ಮರವಿದೆ. ತೆರೆದ ಕಡಲಿನಲ್ಲಿ ಯಾವ ಗುರುತೂ ಇಲ್ಲ. ತಾನೆಲ್ಲಿದ್ದೇನೆಂಬುದನ್ನು ದಿನದಿನವೂ ಲೆಕ್ಕ ಮಾಡಿ ಬರೆದಿಟ್ಟುಕೊಳ್ಳಬೇಕು. ಮಧ್ಯಾಹ್ನ ಸೂರ್ಯನು ನೆತ್ತಿಗೇರಿದಾಗ ಅವನ ಎತ್ತರವನ್ನು ಸೆಕ್ಸ್‌ಟೆಂಟ್ ಎಂಬ ಕೋನಮಾಪಕದಿಂದ ಅಳೆದರೆ ಅಕ್ಷಾಂಶ ದೊರೆಯುತ್ತದೆ. ರೇಖಾಂಶಕ್ಕೆ ನಿಖರವಾದ ಗಡಿಯಾರ ಬೇಕು. ಗಡಿಯಾರದಲ್ಲಿ ನಾಲ್ಕೇ ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಒಂದು ನಾಟಿಕಲ್ ಮೈಲಿ, ಎಂದರೆ 1.852 ಕಿಲೋಮೀಟರು ತಪ್ಪುತ್ತದೆ. ಈಗ ಉಪಗ್ರಹಗಳು ಸ್ಥಾನವನ್ನು ಕ್ಷಣಮಾತ್ರದಲ್ಲಿ ತೋರಿಸಿಕೊಡುತ್ತವೆ, ನಿಜ. ಆದರೂ ನಾವಿಕನು ಯಾನದ ದಿನಚರಿಯನ್ನು, ಅವರ ಭಾಷೆಯಲ್ಲಿ ಲಾಗ್ ಪುಸ್ತಕವನ್ನು, ಬರೆಯುವುದನ್ನು ಬಿಟ್ಟಿಲ್ಲ.

ದಿಗ್ವ್ರತಕ್ಕೆ ಭೂಪ್ರದಕ್ಷಿಣೆಯ ಉದಾಹರಣೆ ತರುವುದು ವಿಲಕ್ಷಣವೆಂದು ಕೆಲವರಿಗೆ ತೋರಬಹುದು. ಅಲೆದಾಟವನ್ನು ಕಡಿಮೆ ಮಾಡುವ ವ್ರತವೆಲ್ಲಿ, ಲೋಕವನ್ನೆಲ್ಲ ಸುತ್ತುವ ಸಾಹಸವೆಲ್ಲಿ? ಮುಂದೆ ಹೆಸರಿಸಲಿರುವ ನಾವಿಕರ ಆಹಾರವಾಗಲಿ ಆಚಾರವಾಗಲಿ ಶ್ರಾವಕನಿಗೆ ಆದರ್ಶವೆಂದು ಇಲ್ಲಿ ಹೇಳುತ್ತಿಲ್ಲ. ಸಾಕ್ಷಿಗಳಾರೂ ಇಲ್ಲದ ಕಡೆ ತಾವೇ ಒಪ್ಪಿಕೊಂಡ ನಿಯಮಕ್ಕೆ ಅವರು ಹೇಗೆ ನಡೆದುಕೊಂಡರು ಎಂಬುದಷ್ಟೇ ಪ್ರಸ್ತುತ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಅಡವಿಯಲ್ಲಿ ಮಹದಾಯಿ ನದಿ ಹುಟ್ಟುತ್ತದೆ. ಉತ್ತರ ಕರ್ನಾಟಕದ ಜನರಿಗೆ ಈ ಹೆಸರು ಕಳಸಾ–ಬಂಡೂರಿಯ ನೀರಿನ ಮಾತಿನೊಡನೆ ನಾಲಿಗೆಯ ತುದಿಯಲ್ಲಿದೆ. ಅದೇ ನದಿ ಗೋವೆಯಲ್ಲಿ ಮಾಂಡೋವಿಯಾಗಿ ಕಡಲನ್ನು ಸೇರುತ್ತದೆ. ಅಲ್ಲಿಯ ದಿವಾರ್ ದ್ವೀಪದ ದೋಣಿ ಕಾರ್ಖಾನೆಯಲ್ಲಿ ಭಾರತೀಯ ನೌಕಾಪಡೆಗಾಗಿ ಕಟ್ಟಿದ, 56 ಅಡಿ ಉದ್ದದ ಹಾಯಿನಾವೆಗೆ ‘ಮ್ಹಾದೇಯಿ’ ಎಂದು ಆ ನದಿಯ ಹೆಸರನ್ನೇ ಇಡಲಾಯಿತು. 2009ರ ಆಗಸ್ಟಿನಲ್ಲಿ ಮುಂಬಯಿಯಿಂದ ಹೊರಟ ದಿಲೀಪ್ ದೊಂಡೆಯವರು ನಾಲ್ಕು ಬಂದರುಗಳಲ್ಲಿ ತಂಗಿ, ಅದೇ ನಾವೆಯಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ 2010ರ ಮೇ ತಿಂಗಳಲ್ಲಿ ಮರಳಿದರು. ಆ ನಂತರ ಅಭಿಲಾಷ್ ಟೋಮಿಯವರು ನಿಯಮವನ್ನು ಇನ್ನೂ ಬಿಗಿ ಮಾಡಿಕೊಂಡರು: ಎಲ್ಲಿಯೂ ತಂಗುವುದಿಲ್ಲ, ಯಾರಿಂದಲೂ ಏನನ್ನೂ ಪಡೆಯುವುದಿಲ್ಲ, ಗಾಳಿಯೊಂದೇ ಬಲ. 2012ರ ನವೆಂಬರ್ 1ರಂದು ಮುಂಬಯಿಯನ್ನು ಬಿಟ್ಟು, 2013ರ ಜನವರಿ 26ರ ಗಣರಾಜ್ಯೋತ್ಸವದಂದು ದಕ್ಷಿಣ ಅಮೆರಿಕದ ತುದಿಯಾದ ಹಾರ್ನ್ ಭೂಶಿರವನ್ನು ಬಳಸಿ, 150 ದಿನಗಳ ತರುವಾಯ ಮಾರ್ಚ್ 31ರಂದು ಮತ್ತೆ ಮುಂಬಯಿಯನ್ನು ಮುಟ್ಟಿದರು. ಸುಮಾರು 23,000 ನಾಟಿಕಲ್ ಮೈಲಿಗಳ ಆ ದಾರಿಯುದ್ದಕ್ಕೂ ಗುರಿಯಾಗಿದ್ದುದು ಹೊರಟ ಊರೇ. ಮನೆಯಿಂದ ದೂರ ಹೋಗುವ ಪ್ರತಿಯೊಂದು ಮೈಲಿಯೂ ಮನೆಯ ಕಡೆಗಿನ ಮೈಲಿಯಾಗಿತ್ತು.

‘ಯಾರಿಂದಲೂ ಏನನ್ನೂ ಪಡೆಯುವುದಿಲ್ಲ’ ಎಂಬ ಮಾತನ್ನು ಕೇಳಿದಾಗ, ಆಗಮದ ಪರಿಚಯವಿದ್ದವರಿಗೆ ದಿಗ್ವ್ರತದ ಮಗ್ಗುಲಲ್ಲಿಯೇ ಇರುವ ದೇಶವ್ರತ ನೆನಪಾಗದಿರದು. ಒಂದು ದಿನ, ಒಂದು ಪಕ್ಷ, ಒಂದು ಚಾತುರ್ಮಾಸ ಎಂದು ಕಾಲವನ್ನು ಗೊತ್ತುಮಾಡಿಕೊಂಡು, ಗೆರೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುವ ವ್ರತವಿದು. ಗೆರೆಯ ಹೊರಗಿನಿಂದ ವಸ್ತುವನ್ನು ತರಿಸುವುದು, ಹೊರಗೆ ಆಳನ್ನು ಕಳಿಸುವುದು, ಒಳಗೆ ನಿಂತು ಕೂಗಿ ಕೆಮ್ಮಿ ಹೊರಗಿನವರಿಗೆ ಸೂಚನೆ ಕೊಡುವುದು, ರೂಪವನ್ನು ತೋರಿಸಿ ಸನ್ನೆ ಮಾಡುವುದು, ಕಲ್ಲು ಹೆಂಟೆಗಳನ್ನು ಎಸೆದು ಗಮನ ಸೆಳೆಯುವುದು ಎಂಬ ಐದು ಅದರ ಅತಿಚಾರಗಳು. ಕಾಲು ಗೆರೆ ದಾಟಲಿಲ್ಲವೆಂದು ಮನುಷ್ಯ ಎಷ್ಟು ಉಪಾಯಗಳನ್ನು ಹೂಡುತ್ತಾನೆಂಬುದನ್ನು ಸೂತ್ರಕಾರರು ಚೆನ್ನಾಗಿ ಬಲ್ಲರು.

ಟೋಮಿಯವರು 2018ರಲ್ಲಿ ಮತ್ತೊಮ್ಮೆ ಹೊರಟ ದೋಣಿಯ ಹೆಸರು ‘ತುರಿಯ’. ಅದು ಅರ್ಧ ಶತಮಾನದ ಹಿಂದಿನ ‘ಸುಹೈಲಿ’ ಎಂಬ ದೋಣಿಯ ಪ್ರತಿರೂಪವಾಗಿ ಗೋವೆಯಲ್ಲಿ ಕಟ್ಟಿದ್ದು. ಮೂಲದ ಸುಹೈಲಿಯೂ ನಮ್ಮ ದೇಶದ್ದೇ: 32 ಅಡಿ ಉದ್ದದ ಸಾಗವಾನಿಯ ದೋಣಿ, ಮುಂಬಯಿಯಲ್ಲಿ ಸಿದ್ಧವಾದುದು. ಅದನ್ನು ಕಟ್ಟಿಸಿದ ಇಂಗ್ಲೆಂಡಿನ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ 1965ರ ಕೊನೆಯಲ್ಲಿ ಇಬ್ಬರು ಸಂಗಡಿಗರೊಡನೆ ಮುಂಬಯಿಯಿಂದ ಸ್ವದೇಶಕ್ಕೆ ಹೊರಟು, ಆಫ್ರಿಕದ ಕರಾವಳಿಯನ್ನು ಬಳಸಿ 1967ರಲ್ಲಿ ಮನೆ ಸೇರಿದ. ಮರುವರ್ಷವೇ ಲಂಡನ್ನಿನ ಪತ್ರಿಕೆಯೊಂದು ಸ್ಪರ್ಧೆಯನ್ನು ಸಾರಿತು. ಒಬ್ಬನೇ, ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಭೂಮಿಯನ್ನು ಸುತ್ತಿ ಮೊದಲು ಮರಳಿದವನಿಗೆ ಸುವರ್ಣಗೋಳ. ಅತಿ ಕಡಿಮೆ ದಿನಗಳಲ್ಲಿ ಮುಗಿಸಿದವನಿಗೆ 5,000 ಪೌಂಡು. ಹೊರಟವರು ಒಂಬತ್ತು ಜನ. ಮರಳಿ ಗುರಿ ಮುಟ್ಟಿದವನು ನಾಕ್ಸ್-ಜಾನ್‌ಸ್ಟನ್ ಒಬ್ಬನೇ.

ಅವನ ಕಷ್ಟಗಳ ಪಟ್ಟಿ ದೊಡ್ಡದು. ಶೇಖರಿಸಿದ ನೀರು ಕೆಟ್ಟಿತು, ಮಳೆಯ ನೀರನ್ನು ಹಿಡಿದು ಕುಡಿದ. ತಾನೇ ತಾನಾಗಿ ಚುಕ್ಕಾಣಿ ನಡೆಸುವ ಸಾಧನ ಮುರಿಯಿತು. ರೇಡಿಯೋ ಮೂಕವಾಯಿತು. ನ್ಯೂಜಿಲೆಂಡಿನ ದಡದ ಬಳಿ ಪತ್ರಕರ್ತನೊಬ್ಬ ಭೇಟಿಯಾದಾಗ ಮಾತನಾಡಲು ಅವಕಾಶವಿತ್ತು, ಮನೆಯಿಂದ ಬಂದ ಕಾಗದಗಳನ್ನು ಪಡೆಯುವಂತಿರಲಿಲ್ಲ. ತಿಂಗಳುಗಟ್ಟಲೆ ಮನುಷ್ಯರ ಮುಖ ಕಾಣದವನಿಗೆ ಆ ನಿಯಮ ಸಿಟ್ಟು ತಂದಿತು, ಆದರೂ ಮುರಿಯಲಿಲ್ಲ. 312 ದಿನಗಳ ಮೇಲೆ, 1969ರ ಏಪ್ರಿಲ್ 22ರಂದು, ಹೊರಟ ಫಾಲ್ಮತ್ ಬಂದರಿಗೇ ಬಂದು ಸೇರಿದ. ಸುಂಕದ ಅಧಿಕಾರಿಗಳು ಪದ್ಧತಿಯಂತೆ ‘ಯಾವ ಬಂದರಿನಿಂದ ಬಂದಿರಿ?’ ಎಂದು ಕೇಳಿದರು. ಫಾಲ್ಮತ್ತಿನಿಂದ ಎಂದೇ ಅವನು ಉತ್ತರಿಸಬೇಕಾಯಿತು.

ಅದೇ ಸ್ಪರ್ಧೆಯಲ್ಲಿದ್ದ ಫ್ರೆಂಚ್ ನಾವಿಕ ಬೆರ್ನಾರ್ ಮ್ವಾತೆಸಿಯೆ ಹಾರ್ನ್ ಭೂಶಿರವನ್ನೂ ದಾಟಿ ಬಂದಿದ್ದ. ಅವನು ಮರಳಿದ್ದರೆ ಕಡಿಮೆ ದಿನಗಳ ಬಹುಮಾನ ಅವನಿಗೇ ಸಲ್ಲುವ ಸಂಭವವಿತ್ತು. 1969ರ ಮಾರ್ಚಿನಲ್ಲಿ, ಆಫ್ರಿಕದ ದಕ್ಷಿಣ ತುದಿಯ ಬಳಿ, ಎದುರಿಗೆ ಬಂದ ಹಡಗೊಂದರ ಮೇಲಕ್ಕೆ ಕವಣೆಯಿಂದ ಸಂದೇಶವನ್ನು ಎಸೆದು ತಾನು ಸ್ಪರ್ಧೆಯನ್ನು ಬಿಟ್ಟೆನೆಂದು ತಿಳಿಸಿದ. (ಪುದ್ಗಲಕ್ಷೇಪಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಪಾಠಶಾಲೆಯ ಗುರುಗಳಿಗೆ ಸಿಗಲಾರದು.) ಮುಂದೆ ಅರ್ಧ ಭೂಮಿಯನ್ನು ಮತ್ತೊಮ್ಮೆ ಸುತ್ತಿ ಜೂನ್ 21ರಂದು ತಹೀತಿ ದ್ವೀಪಕ್ಕೆ ಹೋಗಿ ಇಳಿದ. ಹಣವನ್ನೂ ಕೀರ್ತಿಯನ್ನೂ ತೃಣವಾಗಿ ಎಣಿಸಿದನೆಂದು ಅವನನ್ನು ವಿರಾಗಿಯೆಂದು ಹೊಗಳುವವರು ಬಹಳ. ಹಣದ ಮೋಹವನ್ನು ಬಿಟ್ಟದ್ದು ಹೊಗಳತಕ್ಕದ್ದೇ. ಆದರೆ ಅತ್ತ ಮನೆಯಲ್ಲಿ ಹೆಂಡತಿ ದಾರಿ ಕಾಯುತ್ತಿದ್ದಳು. ಮನೆಯವರಿಗೆ ತಿಳಿಸಿ, ಅವರ ಅನುಮತಿಯನ್ನು ಪಡೆದು ಹೊರಡುವ ದೀಕ್ಷೆಯ ಕ್ರಮ ನಮ್ಮದು. ಆ ಕ್ರಮವನ್ನು ಬಲ್ಲವರು ಇದನ್ನು ವೈರಾಗ್ಯವೆಂದು ಕರೆಯಲು ಸ್ವಲ್ಪ ಹಿಂದೆಮುಂದೆ ನೋಡಬೇಕಾಗುತ್ತದೆ.

ಇನ್ನೊಬ್ಬನ ಕಥೆ ಇವೆರಡಕ್ಕಿಂತಲೂ ಮುಖ್ಯವಾದುದು. ಅವನು ಡೊನಾಲ್ಡ್ ಕ್ರೌಹರ್ಸ್ಟ್; ವಿದ್ಯುನ್ಮಾನ ಉಪಕರಣಗಳನ್ನು ಮಾಡಿ ಮಾರುತ್ತಿದ್ದ ಗೃಹಸ್ಥ, ನಾಲ್ಕು ಮಕ್ಕಳ ತಂದೆ. ವ್ಯಾಪಾರ ಕುಸಿದಿತ್ತು. ದೋಣಿಗೆ ಹಣ ಕೊಟ್ಟವನೊಡನೆ ಮಾಡಿಕೊಂಡ ಕರಾರಿನಂತೆ, ಯಾನ ಕೈಗೂಡದಿದ್ದರೆ ಆ ದೋಣಿಯನ್ನು ಅವನೇ ಕೊಂಡುಕೊಳ್ಳಬೇಕು, ಕೊಳ್ಳಲು ಹಣವಿಲ್ಲ. ಪ್ರಚಾರಕ್ಕೆಂದೇ ಒಬ್ಬನನ್ನು ನೇಮಿಸಲಾಗಿತ್ತು. ದೋಣಿಗೆ ಟೀನ್‌ಮತ್ ಎಂಬ ಊರಿನ ಹೆಸರನ್ನೇ ಇಟ್ಟಿದ್ದರಿಂದ ಆ ಊರಿನ ಮಾನವೂ ಅದಕ್ಕೆ ಕಟ್ಟಿಕೊಂಡಿತ್ತು. ಹೊರಡಲು ಗೊತ್ತಾಗಿದ್ದ ಕಡೆಯ ದಿನವಾದ 1968ರ ಅಕ್ಟೋಬರ್ 31ರಂದು, ಅರೆಸಿದ್ಧವಾದ ದೋಣಿಯಲ್ಲಿಯೇ ಹೊರಟ. ಕೆಲವೇ ವಾರಗಳಲ್ಲಿ ಅವನಿಗೆ ನಿಜ ತಿಳಿಯಿತು: ನೀರು ಒಳಗೆ ಬರುತ್ತಿದೆ, ಈ ದೋಣಿ ದಕ್ಷಿಣ ಮಹಾಸಾಗರದ ಅಲೆಗಳನ್ನು ತಡೆಯಲಾರದು. ಹಿಂದಿರುಗಬೇಕೆಂದು ತನ್ನ ಪುಸ್ತಕದಲ್ಲಿ ತಾನೇ ಕಾರಣಗಳನ್ನು ಬರೆದುಕೊಂಡ. ಹಿಂದಿರುಗಿದರೆ ಸಾಲ, ಅವಮಾನ. ಮುಂದೆ ಹೋದರೆ ಸಾವು. ಮೂರನೆಯ ದಾರಿಯೊಂದನ್ನು ಅವನು ಕಂಡುಕೊಂಡ. ಅಟ್ಲಾಂಟಿಕ್ ಸಾಗರದಲ್ಲಿಯೇ ಅಲೆಯುತ್ತ, ತಾನು ಭೂಮಿಯನ್ನು ಸುತ್ತುತ್ತಿರುವಂತೆ ಸುಳ್ಳು ಸ್ಥಾನಗಳನ್ನು ತಿಳಿಸತೊಡಗಿದ. ಒಂದೇ ದಿನ 243 ಮೈಲಿ ಸಾಗಿದೆನೆಂದು ಡಿಸೆಂಬರಿನಲ್ಲಿ ಅವನು ಕಳಿಸಿದ ಸುದ್ದಿಯನ್ನು ಪತ್ರಿಕೆಗಳು ಕೊಂಡಾಡಿದವು. ಬಳಿಕ ರೇಡಿಯೋವನ್ನು ನಿಲ್ಲಿಸಿದ. ಮಾರ್ಚಿನಲ್ಲಿ ಯಾರಿಗೂ ತಿಳಿಯದಂತೆ ಅರ್ಜೆಂಟೀನದ ದಡಕ್ಕೆ ಹೋಗಿ ದೋಣಿಯನ್ನು ದುರಸ್ತಿ ಮಾಡಿಕೊಂಡ.

ಸುಳ್ಳು ಸ್ಥಾನವನ್ನು ಬರೆಯುವುದು ಸತ್ಯವನ್ನು ಬರೆಯುವುದಕ್ಕಿಂತ ಎಷ್ಟೋ ಪಾಲು ಕಠಿಣ. ಇಂದು ತಾನಿಲ್ಲದ ಕಡೆ ಸೂರ್ಯನು ಎಷ್ಟು ಎತ್ತರದಲ್ಲಿ ಕಾಣುತ್ತಿದ್ದ ಎಂಬುದನ್ನು ಹಿಂದುಮುಂದಾಗಿ ಗಣಿಸಿ ಕಲ್ಪಿಸಬೇಕು. ಜೊತೆಗೆ ನಿಜವಾಗಿ ಎಲ್ಲಿದ್ದೇನೆಂಬುದನ್ನೂ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ದೋಣಿ ನಡೆಯದು. ಹೀಗೆ ಒಬ್ಬನೇ ಮನುಷ್ಯನಿಗೆ ಎರಡು ಲೆಕ್ಕಗಳಾದವು. ಕಪ್ಪುಲೆಕ್ಕ ಬಿಳಿಲೆಕ್ಕ ಎಂದು ಎರಡು ವಹಿಗಳನ್ನಿಡುವ ವ್ಯಾಪಾರಿಗಳು ಪೇಟೆಯಲ್ಲಿದ್ದಾರೆ. ಅವರಿಗಾದರೂ ರಾತ್ರಿ ಮಲಗಲು ಮನೆಯೊಂದೇ ಇರುತ್ತದೆ.

ಎಲ್ಲರಿಗಿಂತ ಕೊನೆಯಲ್ಲಿ ಮೆಲ್ಲಗೆ ಬಂದು ಸೇರಿದರೆ ತನ್ನ ಪುಸ್ತಕಗಳನ್ನು ಯಾರೂ ಪರೀಕ್ಷಿಸಲಾರರು ಎಂಬುದು ಅವನ ಎಣಿಕೆಯಾಗಿತ್ತು. ಕರ್ಮದ ಗತಿ ಬೇರೆಯಾಗಿತ್ತು. ನೈಜೆಲ್ ಟೆಟ್ಲಿ ಎಂಬ ಪ್ರಾಮಾಣಿಕ ನಾವಿಕ ಶಿಥಿಲವಾದ ದೋಣಿಯೊಡನೆ ಮನೆಯ ಹಾದಿಯಲ್ಲಿದ್ದ. ಕ್ರೌಹರ್ಸ್ಟ್ ಹಿಂದಿನಿಂದ ವೇಗವಾಗಿ ಬರುತ್ತಿದ್ದಾನೆಂಬ ಸುದ್ದಿಯನ್ನು ನಂಬಿ, ದೋಣಿಯ ಶಕ್ತಿಗೆ ಮೀರಿ ಓಡಿಸಿದ. 1969ರ ಮೇ 21ರಂದು ಆ ದೋಣಿ ಒಡೆದು ಮುಳುಗಿತು; ಟೆಟ್ಲಿಯ ಪ್ರಾಣ ಮಾತ್ರ ಉಳಿಯಿತು. ಸತ್ಯಾಣುವ್ರತವನ್ನು ಅಹಿಂಸೆಯ ಬೇಲಿಯೆಂದು ಪ್ರಾಚೀನರು ಏಕೆ ಕರೆದರೆಂಬುದನ್ನು ಈ ಘಟನೆ ತೋರಿಸುತ್ತದೆ. ಯಾವ ಪ್ರಾಣಿಯ ಮೇಲೂ ಕೈಯೆತ್ತದ ಒಂದು ಸುಳ್ಳು ಸಾವಿರಾರು ಮೈಲಿ ದೂರದಲ್ಲಿ ಇನ್ನೊಬ್ಬನ ನಾವೆಯನ್ನು ಮುಳುಗಿಸಿತು. ಟೆಟ್ಲಿ ಹೋದ ಮೇಲೆ ಕಡಿಮೆ ದಿನಗಳ ಬಹುಮಾನ ಕ್ರೌಹರ್ಸ್ಟ್‌ನನ್ನೇ ಹುಡುಕಿಕೊಂಡು ಬರುವಂತಾಯಿತು. ಊರು ಸ್ವಾಗತಕ್ಕೆ ಸಿದ್ಧವಾಗುತ್ತಿತ್ತು. ಅವನ ಬರಹಗಳಲ್ಲಿ ಬುದ್ಧಿಯ ಸಮತೋಲ ತಪ್ಪಿದ ಚಿಹ್ನೆಗಳು ತುಂಬಿವೆ. ಜುಲೈ 1ಕ್ಕೆ ಅವು ನಿಲ್ಲುತ್ತವೆ. ಜುಲೈ 10ರಂದು ಹಡಗೊಂದಕ್ಕೆ ಅವನ ದೋಣಿ ಸಿಕ್ಕಿತು. ಪುಸ್ತಕಗಳು ಮೇಜಿನ ಮೇಲಿದ್ದವು. ಅವನು ಸಿಗಲಿಲ್ಲ. ತನಗೆ ಸಂದ 5,000 ಪೌಂಡುಗಳನ್ನು ನಾಕ್ಸ್-ಜಾನ್‌ಸ್ಟನ್ ಆ ಅನಾಥ ಕುಟುಂಬಕ್ಕೆ ಕೊಟ್ಟುಬಿಟ್ಟ. ದಾನಗಳಲ್ಲಿ ಇದನ್ನು ಸಣ್ಣದೆನ್ನಲಾಗದು.

ಕ್ರೌಹರ್ಸ್ಟ್‌ನನ್ನು ವಂಚಕನೆಂದು ಕರೆದು ಮುಂದೆ ಸಾಗುವುದು ಸುಲಭ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ಪತನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಆಚಾರ್ಯರು ಹೇಳಿದ್ದಾರೆ. ಮೊದಲ ಮೆಟ್ಟಿಲಿನಲ್ಲಿ ನಿಂತಾಗ ಅವನು ಮರಳಬಹುದಿತ್ತು. ಮರಳುವ ಕಾರಣಗಳನ್ನೂ ಬಲ್ಲವನಾಗಿದ್ದ. ಮರಳುವ ದಾರಿಯನ್ನು ಮುಚ್ಚಿದ್ದು ದಡದ ಮೇಲೆ ಕಾದಿದ್ದ ಹೂಹಾರ. ಈ ಮಾತನ್ನು ಸಮಾಜದವರು ಸ್ವಲ್ಪ ನಿಂತು ಯೋಚಿಸಬೇಕು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟು ಹತ್ತು ದಿನಗಳ ಉಪವಾಸದ ಸಂಕಲ್ಪ ಮಾಡುವವರ ಹೆಸರುಗಳನ್ನು ಮೊದಲ ದಿನವೇ ಬಸದಿಯ ಹಲಗೆಯ ಮೇಲೆ ಬರೆಯುವ, ಪಾರಣೆಯ ದಿನಕ್ಕೆ ಮೆರವಣಿಗೆ, ಶಾಲು, ಭಾವಚಿತ್ರಗಳನ್ನು ಮುಂಚಿತವಾಗಿಯೇ ಗೊತ್ತುಮಾಡುವ ರೂಢಿ ಈಚೆಗೆ ಬೆಳೆದಿದೆ. ಭಕ್ತಿಯಿಂದ ಮಾಡುವುದೇ ಸರಿ. ಆದರೆ ಆರನೆಯ ದಿನ ತಲೆಸುತ್ತಿ ಬಿದ್ದ ಸೊಸೆಯೊಬ್ಬಳಿಗೆ ‘ಇನ್ನು ನನ್ನಿಂದಾಗದು’ ಎಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಅತ್ತೆಯ ಮಾನ, ಮನೆತನದ ಮಾನ, ಅಚ್ಚಾದ ಆಮಂತ್ರಣ ಪತ್ರಿಕೆ ಎಲ್ಲವೂ ಅವಳ ಮುಂದೆ ನಿಲ್ಲುತ್ತವೆ. ಅವಳು ಹಿತ್ತಲಲ್ಲಿ ಮರೆಯಾಗಿ ಒಂದು ಲೋಟ ನೀರು ಕುಡಿದರೆ, ಆ ನೀರಿಗಿಂತ ಆ ಮರೆಯೇ ಅವಳನ್ನು ಹೆಚ್ಚು ಸುಡುತ್ತದೆ. ಕುಡಿಯದೆ ಹಟ ಹಿಡಿದರೆ ಪ್ರಾಣಕ್ಕೆ ಕುತ್ತು. ಅಂತಹ ಸ್ಥಿತಿಯನ್ನು ತಂದಿಟ್ಟವರಿಗೂ ದೋಷದಲ್ಲಿ ಪಾಲಿದೆ ಎಂಬುದನ್ನು ಕೃತ, ಕಾರಿತ, ಅನುಮೋದನ ಎಂಬ ತ್ರಿವಿಧವನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಶಾಸ್ತ್ರಕ್ಕಿರುವ ದಯೆ ಸಮಾಜಕ್ಕಿಲ್ಲ. ಪ್ರೋಷಧೋಪವಾಸದಲ್ಲಿ ಶಕ್ತಿಗನುಸಾರವಾಗಿ ಉತ್ತಮ, ಮಧ್ಯಮ, ಜಘನ್ಯವೆಂದು ಭೇದಗಳಿವೆ. ಚತುರ್ವಿಧ ಆಹಾರವನ್ನೂ ತ್ಯಜಿಸಲು ಆಗದವನಿಗೆ ನೀರು ಮಾತ್ರ ಸೇವಿಸುವ ಅನುಪವಾಸ, ಅದೂ ಆಗದವನಿಗೆ ಏಕಾಶನ. ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಗುರುಗಳ ಮುಂದೆ ಹೇಳಿ ಇಳಿಯುವುದು ಪತನವಲ್ಲ. ನಾವಿಕರ ನಿಯಮದಲ್ಲಿಯೂ ಇಂತಹದೊಂದು ಮೆಟ್ಟಿಲಿದೆ. 1968ರ ಸ್ಪರ್ಧೆಯ ನೆನಪಿಗಾಗಿ ಈಗ ನಡೆಯುವ ಸುವರ್ಣಗೋಳ ಸ್ಪರ್ಧೆಯಲ್ಲಿ ಯಾರಾದರೂ ಅನಿವಾರ್ಯವಾಗಿ ಒಂದು ಕಡೆ ದಡ ಮುಟ್ಟಿದರೆ, ಅವರನ್ನು ‘ಚಿಚೆಸ್ಟರ್ ವರ್ಗ’ವೆಂಬ ಬೇರೆ ಪಟ್ಟಿಗೆ ಸೇರಿಸಿ ಯಾನವನ್ನು ಮುಂದುವರಿಸಲು ಬಿಡುತ್ತಾರೆ. 1966–67ರಲ್ಲಿ ಸಿಡ್ನಿಯಲ್ಲೊಮ್ಮೆ ತಂಗಿ ಒಬ್ಬರೇ ಭೂಮಿಯನ್ನು ಸುತ್ತಿದ ಫ್ರಾನ್ಸಿಸ್ ಚಿಚೆಸ್ಟರ್ ಅವರ ಹೆಸರು ಅದು. 2022ರಲ್ಲಿ ಹೊರಟ ಸೈಮನ್ ಕರ್ವೆನ್ ಎಂಬವರು ಎಲ್ಲರಿಗಿಂತ ಮುಂದಿದ್ದಾಗ ದೋಣಿಯ ಗಾಳಿಚುಕ್ಕಾಣಿ ಮುರಿಯಿತು. ಚಿಲಿ ದೇಶದಲ್ಲಿ ನಿಂತು ಸರಿಪಡಿಸಿಕೊಂಡು ಮುಂದುವರಿದರು. 2023ರ ಏಪ್ರಿಲ್ 27ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಬಂದರಿಗೆ ಮೊಟ್ಟಮೊದಲು ಬಂದವರು ಅವರೇ. ಅದೇ ರಾತ್ರಿ ಬಂದ ದಕ್ಷಿಣ ಆಫ್ರಿಕದ ಮಹಿಳೆ ಕರ್ಸ್ಟನ್ ನಾಯ್‌ಶೇಫರ್ ವಿಜೇತರೆನಿಸಿದರು. ಕರ್ವೆನ್ ಅವರ ಮಾನಕ್ಕೆ ಇದರಿಂದ ಯಾವ ಕುಂದೂ ಬರಲಿಲ್ಲ.

ಆ ಸ್ಪರ್ಧೆಯಲ್ಲಿ ಎರಡನೆಯವರಾಗಿ, 236 ದಿನಗಳ ತರುವಾಯ ಏಪ್ರಿಲ್ 29ರಂದು ದಡ ಸೇರಿದವರು ಅಭಿಲಾಷ್ ಟೋಮಿ. ಅವರ ಹಿಂದಿನ ಯಾನ, 2018ರದು, ಭಂಗವಾಗಿತ್ತು. ಆ ವರ್ಷದ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಎದ್ದ ಬಿರುಗಾಳಿಗೆ ತುರಿಯದ ಹಾಯಿಕಂಬ ಮುರಿದು, ಅವರ ಬೆನ್ನುಮೂಳೆಗೆ ತೀವ್ರವಾದ ಪೆಟ್ಟು ಬಿತ್ತು. ಎದ್ದು ಕೂರಲಾಗದ ಸ್ಥಿತಿಯಲ್ಲಿ ಅವರು ನೆರವು ಕೇಳಿದರು. ಯಾರ ನೆರವನ್ನೂ ಪಡೆಯುವುದಿಲ್ಲವೆಂಬ ನಿಯಮ ಅಲ್ಲಿಗೆ ಮುಗಿಯಿತು. ಭಾರತೀಯ ನೌಕಾಪಡೆಯ ವಿಮಾನ ಅವರನ್ನು ಪತ್ತೆ ಹಚ್ಚಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ‘ಒಸಿರಿಸ್’ ಎಂಬ ನೌಕೆ ಅವರನ್ನು ಎತ್ತಿಕೊಂಡಿತು. ಶಸ್ತ್ರಚಿಕಿತ್ಸೆಯಾಯಿತು, ಬೆನ್ನಿಗೆ ಲೋಹದ ಸರಳುಗಳನ್ನು ಜೋಡಿಸಲಾಯಿತು. ನಾಲ್ಕು ವರ್ಷ ಕಳೆದು, 2022ರ ಸೆಪ್ಟೆಂಬರ್ 4ರಂದು, ಅದೇ ಗೆರೆಯ ಮೇಲೆ ಬಂದು ನಿಂತರು. ಮುರಿದ ವ್ರತವನ್ನು ಪ್ರಾಯಶ್ಚಿತ್ತಪೂರ್ವಕವಾಗಿ ಮತ್ತೆ ಸ್ಥಾಪಿಸಿಕೊಳ್ಳುವುದಕ್ಕೆ ಮುನಿಧರ್ಮದಲ್ಲಿ ಛೇದೋಪಸ್ಥಾಪನೆಯೆಂಬ ಹೆಸರೇ ಇದೆ. ವ್ರತ ಮುರಿಯಬಹುದೆಂಬುದನ್ನು ತಿಳಿದೇ ಪೂರ್ವಾಚಾರ್ಯರು ಅದಕ್ಕೊಂದು ಬಾಗಿಲನ್ನು ಇಟ್ಟಿದ್ದಾರೆ.

ಪ್ರತಿಕ್ರಮಣವೆಂಬ ಶಬ್ದದ ಅರ್ಥವೂ ಮರಳಿ ನಡೆಯುವುದೆಂದೇ. ಪ್ರಮಾದದಿಂದ ಸ್ವಸ್ಥಾನವನ್ನು ಬಿಟ್ಟು ಪರಸ್ಥಾನಕ್ಕೆ ಹೋದವನು ಹೋದ ದಾರಿಯಿಂದಲೇ ಸ್ವಸ್ಥಾನಕ್ಕೆ ಬರುವುದನ್ನು ಪೂರ್ವಾಚಾರ್ಯರು ಹಾಗೆ ಕರೆದರು. ಉಪವಾಸವೂ ಆತ್ಮದ ಸಮೀಪ ವಾಸಿಸುವುದೇ ಆಗಿದೆ; ಹೊರಟು ಹೋದವನು ಮನೆಯ ಹತ್ತಿರಕ್ಕೆ ಬರುವುದು. ಸಂಜೆಯ ಪ್ರತಿಕ್ರಮಣವನ್ನು ಬಾಯಿಪಾಠವಾಗಿ ಒಪ್ಪಿಸಿ ಏಳುವುದಕ್ಕೂ, ಇಂದು ನಾನು ಎಲ್ಲಿದ್ದೆ ಎಂದು ನಾವಿಕನಂತೆ ಒಂದೇ ಪುಸ್ತಕದಲ್ಲಿ ಒಂದೇ ಸ್ಥಾನವನ್ನು ಬರೆಯುವುದಕ್ಕೂ ಬಹಳ ಅಂತರವಿದೆ. ಎರಡನೆಯದಕ್ಕೆ ಹೆಚ್ಚು ಹೊತ್ತೇನೂ ಬೇಡ.

ಇನ್ನು ಇಂಗಳೇಶ್ವರದ ಶ್ರಾವಕನ ಮಾತು. ಯಾವಜ್ಜೀವದ ದಿಗ್ವ್ರತಕ್ಕೆ ಅವನು ಸಮುದ್ರವನ್ನೇ ಗಡಿಯಾಗಿ ಇಟ್ಟುಕೊಳ್ಳಲಿ, ಆಕ್ಷೇಪವಿಲ್ಲ; ಆದರೆ ಆ ಗಡಿಯೊಳಗೆ ಫೋನಿನ ವ್ಯವಹಾರವೂ ಸೇರಿದೆಯೆ ಎಂಬುದನ್ನು ಹಿಡಿಯುವಾಗಲೇ ಸ್ಪಷ್ಟಪಡಿಸಿಕೊಳ್ಳಬೇಕು. ಅದರೊಳಗೆ ಚಾತುರ್ಮಾಸದ ದೇಶವ್ರತಕ್ಕೆ ಜಿಲ್ಲೆಯ ನದಿಗಳೇ ಒಳ್ಳೆಯ ಗುರುತುಗಳು: ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ. ಮೂಡಣ ಪಡುವಣಗಳಿಗೆ ನದಿಯ ಗುರುತು ಇಲ್ಲದಿರುವುದರಿಂದ ತಾಲೂಕಿನ ಗಡಿಯನ್ನೋ ಕಿಲೋಮೀಟರಿನ ಲೆಕ್ಕವನ್ನೋ ಇಟ್ಟುಕೊಳ್ಳಬಹುದು. ಸೊಲ್ಲಾಪುರದ ಆಸ್ಪತ್ರೆಗೋ ಬೆಳಗಾವಿಯ ನ್ಯಾಯಾಲಯಕ್ಕೋ ಹೋಗಬೇಕಾಗಬಹುದೆಂದಿದ್ದರೆ ಆ ವಿನಾಯಿತಿಯನ್ನು ಮೊದಲೇ ಸೇರಿಸುವುದು ಲೇಸು, ಬಂದ ಮೇಲೆ ಸೇರಿಸುವುದು ಕ್ಷೇತ್ರವೃದ್ಧಿ. ಮರೆತು ದಾಟಿದರೆ, ನೆನಪಾದ ಸ್ಥಳದಿಂದಲೇ ಹಿಂದಿರುಗಬೇಕು. ದಾಟಿದ ಕಡೆ ಏನಾದರೂ ಲಾಭವಾಗಿದ್ದರೆ ಅದನ್ನು ಇಟ್ಟುಕೊಳ್ಳಬಾರದು. ಇಷ್ಟನ್ನೂ ಒಂದು ಹಾಳೆಯಲ್ಲಿ ತಿಥಿಸಹಿತವಾಗಿ ಬರೆದು, ಮನೆಯವರೊಬ್ಬರಿಗೆ ಓದಿ ಹೇಳಬೇಕು. ಹಾಳೆಯನ್ನು ದೇವರ ಪೆಟ್ಟಿಗೆಯಲ್ಲಿ ಭದ್ರಪಡಿಸುವವರೇ ಹೆಚ್ಚು. ದಿನದರ್ಶಿಕೆಯ ಪಕ್ಕದಲ್ಲಿ ಗೋಡೆಗೆ ಅಂಟಿಸುವುದು ಅದಕ್ಕಿಂತ ಉತ್ತಮ. ಹಾಲಿನ ಲೆಕ್ಕ ಬರೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.